ಹೂಂಗುಟ್ಟಿದವನು

ಅಕ್ಕ ಫೋನು ಇಟ್ಟ ಮೇಲೂ ಪಂಡಿತನ ಎಡಗಿವಿ ಬಿಸಿಯಾಗಿಯೇ ಉಳಿಯಿತು. ನಾಲ್ಕು ಗಂಟೆಗೆ ಕಚೇರಿಗೆ ಬರುತ್ತೇನೆ ಎಂದಿದ್ದಳು. "ನೀನು ಕೇಳಿದ್ದಾಯ್ತು, ನಿಮ್ಮ ಯಜಮಾನರು ಬೇಡ ಅಂದಿದ್ದಾಯ್ತು. ಈಗ ನಾನೇ ಬಂದು ಕೇಳ್ತೀನಿ. ಅಂಥ ಪುಸ್ತಕಾನ ಬೇಡ ಅಂದವರ ಮುಖ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು ಕಣೋ." ಮೊಣಕಾಲು ನೋವಲ್ಲವೇ, ಎರಡು ಮಹಡಿ ಹತ್ತಬೇಕಲ್ಲವೇ ಎಂದು ಇವನು ತೊದಲಿದರೆ, "ಮೊಣಕಾಲು ನಂದು, ನೋವೂ ನಂದು. ಮೆಟ್ಟಿಲು ಮಾತ್ರ ನಿಮ್ಮದು" ಎಂದು ನಕ್ಕಿದ್ದಳು. ಬೇಡ ಅಂದವರ ಮುಖ. ಪಂಡಿತ ಎದ್ದು ಕೈತೊಳೆಯುವ ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತ. ಐವತ್ತೆರಡು ವರ್ಷದ, ನೀಟಾಗಿ ಕ್ಷೌರ ಮಾಡಿಕೊಂಡ, ಯಾರ ತಂಟೆಗೂ ಹೋಗದ ಮುಖವೊಂದು ಅಲ್ಲಿತ್ತು. ಹೀಗಿರುತ್ತದೆ ಅಕ್ಕಾ, ಎಂದುಕೊಂಡ. ನಲ್ಲಿ ತಿರುಗಿಸಿ, ಕೊಳೆಯಾಗಿರದ ಕೈಗಳನ್ನು ಎರಡು ಬಾರಿ ತೊಳೆದ.

ಪಂಡಿತ ಎಂಬುದು ಕಚೇರಿ ಕೊಟ್ಟ ಹೆಸರು. ಅರ್ಧ ಗೌರವ, ಅರ್ಧ ಕೀಟಲೆ. ಯಾವ ಅರ್ಧ ಯಾವಾಗ ಎಂಬುದು ಕರೆಯುವವರ ಬಾಯಿಗೆ ಬಿಟ್ಟದ್ದು. ಸೈಕಲ್ ಅಂಗಡಿಯ ಮೇಲಿನ ನಾಲ್ಕು ಕೋಣೆಗಳಲ್ಲಿ ನಡೆಯುವ ಆ ಪ್ರಕಾಶನಕ್ಕೆ ಜಪಾನಿನ ಚಿತ್ರಕಥೆಗಳನ್ನು, ಅಂದರೆ ಮಂಗಾಗಳನ್ನು, ತನ್ನ ಜನರ ಭಾಷೆಗೆ ತರುವುದೇ ಕಸುಬು. ಅಲ್ಲಿಂದ ಬಂದ ಪ್ರತಿಯೊಂದನ್ನೂ ಮೊದಲು ಪಂಡಿತ ಓದಬೇಕು. ಓದಿ ಒಂದು ಹಳದಿ ಹಾಳೆ ತುಂಬಬೇಕು. ಹಾಳೆಯ ಕೊನೆಯಲ್ಲಿ ಬೇಕು ಅಥವಾ ಬೇಡ ಎಂದು ಬರೆಯಬೇಕು. ಬೇಕು ಎಂದದ್ದು ಯಜಮಾನರ ಮೇಜಿಗೆ ಹೋಗುತ್ತದೆ. ಬೇಡ ಎಂದದ್ದು ಕಬ್ಬಿಣದ ಬೀರುವಿನಲ್ಲಿ ಒಂದು ವರ್ಷ ಕೂತು, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಒಮ್ಮೆ ಬೇಡವಾದದ್ದು ಮತ್ತೆ ಬೇಕಾದ ಉದಾಹರಣೆ ಹದಿನೇಳು ವರ್ಷಗಳಲ್ಲಿ ಒಂದೂ ಇರಲಿಲ್ಲ. ಇನ್ನೊಬ್ಬರಿಂದ ಓದಿಸೋಣವೆಂದರೆ ಆ ಭಾಷೆ ಬಲ್ಲ ಇನ್ನೊಬ್ಬರು ಆ ನಾಲ್ಕು ಕೋಣೆಗಳಲ್ಲಿ ಯಾರಿದ್ದರು? ಹಾಳೂರಿಗೆ ಉಳಿದವನೇ ಗೌಡ.

ಉಳಿದವನಿಗೆ ಎಷ್ಟು ಬರುತ್ತಿತ್ತು ಎಂಬುದು ಬೇರೆ ಮಾತು. ಆ ಭಾಷೆಯ ಚಿತ್ರಾಕ್ಷರಗಳು ಸಾವಿರಾರು. ಮಕ್ಕಳಿಗೆಂದು ಮಾಡಿದ ಪುಸ್ತಕಗಳಲ್ಲಿ ಪ್ರತಿ ಚಿತ್ರಾಕ್ಷರದ ಮಗ್ಗುಲಿಗೂ ಅದರ ಉಚ್ಚಾರವನ್ನು ಪುಟ್ಟ ಪುಟ್ಟ ಸುಲಭಾಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ಅಕ್ಕ ಅವನ್ನು ಇರುವೆಗಳೆಂದು ಕರೆಯುತ್ತಿದ್ದಳು. "ಇರುವೆ ಸಾಲು ಹಿಡ್ಕೊಂಡು ಹೋಗು, ಬೆಲ್ಲ ಸಿಗುತ್ತೆ" ಎಂದು ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಕಲಿಸುತ್ತಿದ್ದಳು. ಮಗ್ಗದ ಗಿರಣಿಗೆ ಬಂದ ಜಪಾನಿ ಯಂತ್ರಗಳ ಕೈಪಿಡಿಗಳನ್ನು ಓದಿ ಹೇಳುತ್ತ ಹೇಳುತ್ತ ಆ ಭಾಷೆಯನ್ನು ಅರೆದು ಕುಡಿದವಳು ಅವಳು. ದೊಡ್ಡವರ ಪುಸ್ತಕಗಳಲ್ಲಿ ಇರುವೆಗಳಿರುವುದಿಲ್ಲ. ಅಲ್ಲಿ ಚಿತ್ರಾಕ್ಷರಗಳು ಬೀಗ ಹಾಕಿದ ಮನೆಗಳಂತೆ ಸಾಲಾಗಿ ನಿಂತಿರುತ್ತವೆ. ಪಂಡಿತ ಇರುವೆಗಳಿಂದ ಮುಂದಕ್ಕೆ ಹೋಗಲೇ ಇಲ್ಲ. ಇಂದು ಹೋಗುತ್ತೇನೆ ನಾಳೆ ಹೋಗುತ್ತೇನೆ ಎನ್ನುವಷ್ಟರಲ್ಲಿ ಕೆಲಸ ಸಿಕ್ಕಿತು; ಸಿಕ್ಕ ಮೇಲೆ ಕಲಿಯುತ್ತಿದ್ದೇನೆಂದು ಹೇಳಿಕೊಳ್ಳುವುದೇ ಅವಮಾನವಾಯಿತು. ಹೀಗೆ ಈ ಹದಿನೇಳು ವರ್ಷ ಅವನು ಬೇಕು ಎಂದದ್ದೆಲ್ಲ ಇರುವೆಯಿರುವ ಪುಸ್ತಕಗಳು: ಕತ್ತಿ ಹಿಡಿದ ಹುಡುಗರು, ಚೆಂಡಿನ ಹಿಂದೆ ಓಡುವ ಹುಡುಗರು, ರಾಕ್ಷಸರ ಹಲ್ಲು ಮುರಿಯುವ ಹುಡುಗರು. ಇರುವೆಯಿಲ್ಲದ್ದೆಲ್ಲ ಬೇಡ. ಕಾರಣದ ಜಾಗದಲ್ಲಿ ಒಂದೇ ವಾಕ್ಯ: ನಮ್ಮ ಓದುಗರು ಒಪ್ಪುವುದಿಲ್ಲ. ನಮ್ಮ ಜನಕ್ಕೆ ಹೊಡೆದಾಟವೇ ಪ್ರೀತಿ, ಏನು ಮಾಡೋಣ, ಎಂದು ಯಜಮಾನರು ಬಂದವರೆದುರು ನಿಟ್ಟುಸಿರು ಬಿಡುವುದನ್ನು ಕೇಳಿದಾಗಲೆಲ್ಲ ಪಂಡಿತನಿಗೆ ತನ್ನ ಅಂಗಿಯ ಗುಂಡಿಯೊಂದು ಬಿಚ್ಚಿಕೊಂಡಂತಾಗಿ ಎದೆಯ ಮೇಲೆ ಕೈ ಹೋಗುತ್ತಿತ್ತು. ಗುಂಡಿ ಹಾಕಿಯೇ ಇರುತ್ತಿತ್ತು.

"ಪಂಡಿತರೇ, ಇದೂ ಹೊಡೆದಾಟಾನಾ?" ಪಕ್ಕದ ಮೇಜಿನಿಂದ ಅಕ್ಷರಗಾರ್ತಿ ಕೇಳಿದಳು. ಮೂಲದ ಮಾತುಗಳನ್ನು ಅಳಿಸಿ, ಮಾತಿನ ಗುಳ್ಳೆಗಳೊಳಗೆ ತಮ್ಮ ಭಾಷೆಯ ಅಕ್ಷರ ಕೂರಿಸುವುದು ಅವಳ ಕೆಲಸ. ಅವಳು ಬಲಗೈಯನ್ನು ಮೇಲೆತ್ತಿ ಒದ್ದೆ ಬಟ್ಟೆಯಂತೆ ಜಾಡಿಸಿದಳು. "ಢಿಶುಂ ಬರೆದೂ ಬರೆದೂ ಕೈ ಮರಗಟ್ಟಿ ಹೋಯ್ತು. ಮೊನ್ನೆ ಮನೇಲಿ ಸಾಮಾನು ಚೀಟಿ ಬರೀತಾ ಸಕ್ಕರೆ ಮುಂದೇನೂ ಮೂರು ಆಶ್ಚರ್ಯಸೂಚಕ ಹಾಕಿದೀನಿ. ಒಂದ್ಸಲನಾದ್ರೂ ಯಾರಾದ್ರೂ ಸುಮ್ನೆ ಕೂತು ಮಾತಾಡೋ ಕಥೆ ತರ್ಸಿ ಮಾರಾಯ್ರೇ. ಅಲ್ಲಿಯವರು ಹುಟ್ಟಿದಾಗಿಂದ ಹೊಡೆದಾಡ್ತಾನೇ ಇರ್ತಾರಾ? ಊಟ ನಿದ್ದೆ ಏನೂ ಇಲ್ವಾ?"

"ನಮ್ಮ ಓದುಗರು..." ಎಂದು ಆರಂಭಿಸಿದ.

"ಒಪ್ಪಲ್ಲ, ಗೊತ್ತು. ಆ ಓದುಗರನ್ನ ಒಂದಿನ ಕಾಫಿಗೆ ಕರೀರಿ, ನಾನೂ ನೋಡ್ತೀನಿ."

ಅವನು ನಕ್ಕ. ಸುಮ್ಮನೆ ಕೂತು ಮಾತಾಡುವ ಕಥೆ ಆಗ ಬೀರುವಿನ ಎರಡನೆಯ ಅಂಕಣದಲ್ಲಿ ಇರಬೇಕಿತ್ತು. ಇದ್ದದ್ದು ಅಕ್ಕನ ಮನೆಯಲ್ಲಿ. ಗಿರಣಿಯಿಂದ ನಿವೃತ್ತಳಾದ ಮೇಲೆ ಅಕ್ಕ ಒಂದೆಡೆ ಕೂರಲಾರದೆ, ಮನೆಯ ಬಾಗಿಲುಗಳ ತಿರುಗಣಿಗಳಿಗೆಲ್ಲ ಎಣ್ಣೆ ಬಿಟ್ಟು, ಕೊನೆಗೆ ಪಕ್ಕದ ಮನೆಯವರ ಬಾಗಿಲಿಗೂ ಎಣ್ಣೆ ಹಿಡಿದು ಹೊರಟದ್ದನ್ನು ನೋಡಿ ಅವನಿಗೆ ಕರುಳು ಚುರುಕ್ಕೆಂದಿತ್ತು. ಅದಾಗಲೇ ಬೇಡ ಬರೆದು ಮುಗಿಸಿದ್ದ ಒಂದು ಕಟ್ಟನ್ನು, ಆರು ಸಂಪುಟಗಳದ್ದನ್ನು, ಅವಳ ಹೊತ್ತು ಕಳೆಯಲಿ ಎಂದು ಚೀಲದಲ್ಲಿಟ್ಟು ಒಯ್ದು ಕೊಟ್ಟಿದ್ದ. ಆರಿಸಿ ಒಯ್ದದ್ದಲ್ಲ. ಕೈಗೆ ಸಿಕ್ಕಿದ್ದು. ಮುಖಪುಟದಲ್ಲಿ ಬರೀ ಹಬೆ ಇತ್ತು, ಮನುಷ್ಯರೇ ಇರಲಿಲ್ಲ. ಮುಂದಿನ ಭಾನುವಾರ ಅವನು ಹೋದಾಗ ಅಕ್ಕ ಬಾಗಿಲಲ್ಲೇ ಅವನ ಮುಂಗೈ ಹಿಡಿದಳು. "ಎಲ್ಲಿಂದ ತಂದ್ಯೋ ಇದನ್ನ? ಕೂತ್ಕೋ. ಹೂಂ ಅನ್ನು. ಹೂಂ ಅನ್ನದೋರಿಗೆ ನಾನು ಕಥೆ ಹೇಳಲ್ಲ."

ಭಾನುವಾರಕ್ಕೊಂದು ಸಂಪುಟದಂತೆ ಅಕ್ಕ ಹೇಳಿದ ಕ್ರಮದಲ್ಲೇ ಹೇಳುವುದಾದರೆ ಕಥೆ ಹೀಗಿತ್ತು. ಒಂದು ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ನೀರು ಕಾಯಿಸುವವನೊಬ್ಬ. ಗೋಡೆಯ ಈಚೆ ಒಲೆ, ಆಚೆ ಮೀಯುವವರು. ಇಪ್ಪತ್ತು ವರ್ಷ ಅವನು ಅವರಲ್ಲಿ ಒಬ್ಬರ ಮುಖವನ್ನೂ ಕಂಡವನಲ್ಲ. ದನಿಗಳಷ್ಟೇ ಗೋಡೆ ದಾಟಿ ಬರುತ್ತವೆ. ಯಾರಿಗೆ ಸಾಲ, ಯಾರಿಗೆ ಕೆಮ್ಮು, ಯಾರ ಮಗಳು ಮನೆ ಬಿಟ್ಟಳು, ಎಲ್ಲ ಅವನಿಗೆ ಗೊತ್ತು. ಚಿತ್ರಗಳಲ್ಲೂ ಹಾಗೆಯೇ: ಪುಟಗಟ್ಟಲೆ ಬರೀ ಗೋಡೆ, ಹಬೆ, ಗಾಳಿಯಲ್ಲಿ ತೇಲುವ ಮಾತಿನ ಗುಳ್ಳೆಗಳು. ಅವುಗಳಲ್ಲಿ ಒಂದು ದನಿ ದಿನವೂ ಕೊನೆಗೆ ಬಂದು, ನೀರಿಗಿಳಿಯುತ್ತಲೇ "ಇವತ್ತು ಹದವಾಗಿದೆ" ಎನ್ನುತ್ತದೆ. ಯಾರಿಗೆ ಹೇಳಿದ್ದೆಂದು ಗೊತ್ತಿಲ್ಲ. ನನಗೇ ಹೇಳಿದ್ದೆಂದು ಅವನು ನಂಬಿರುತ್ತಾನೆ. ಒಂದು ದಿನ ಆ ದನಿ ಬರುವುದಿಲ್ಲ. ಮಾರನೆಯ ದಿನವೂ ಇಲ್ಲ. ಅವನು ಒಲೆ ಆರಿಸಿ, ಮಸಿ ತೊಳೆದುಕೊಂಡು, ಮುಖವರಿಯದ ಮನುಷ್ಯನನ್ನು ಹುಡುಕಲು ಊರೊಳಗೆ ಹೋಗುತ್ತಾನೆ. ಬೀದಿ ಬೀದಿಯಲ್ಲಿ ಕಿವಿಗೊಟ್ಟು ನಿಲ್ಲುತ್ತಾನೆ. ದಾರಿಯಲ್ಲಿ ಅವನಿಗೆ ಗೊತ್ತಿರುವ ದನಿಗಳೆಲ್ಲ ಒಂದೊಂದಾಗಿ ಮುಖ ಪಡೆಯುತ್ತ ಹೋಗುತ್ತವೆ. ಒಂದು ಮುಖವೂ ಅವನು ಅಂದುಕೊಂಡಂತೆ ಇರುವುದಿಲ್ಲ.

ಮೊದಲ ಭಾನುವಾರ ಪಂಡಿತ ಮನಸಾರೆ ಹೂಂಗುಟ್ಟಿದ. ಎರಡನೆಯ ಭಾನುವಾರ ಹೂಂ ಎನ್ನುವುದನ್ನೇ ಮರೆತು ಬೈಸಿಕೊಂಡ. ಮೂರನೆಯದರಲ್ಲಿ, ಕೆಮ್ಮಿನ ದನಿಯವಳು ಬಾಗಿಲು ತೆರೆದು ನೀರು ಕಾಯಿಸುವವನ ಮಸಿ ಬಿಡದ ಕೈ ನೋಡಿದೊಡನೆ "ಓ, ಗೋಡೆಯಾಚೆಯವರಾ?" ಎನ್ನುವಲ್ಲಿಗೆ ಅಕ್ಕನ ದನಿ ಒಡೆದು ಅವಳು ನೀರು ಕುಡಿಯಲು ಎದ್ದು ಹೋದಾಗ, ಅವನು ಪುಸ್ತಕ ಮುಚ್ಚಿ ಹಬೆಯ ಮುಖಪುಟವನ್ನೇ ನೋಡಿದ. ಇದನ್ನು ನಾನು ಬೇಡ ಎಂದಿದ್ದೇನೆ. ಒಂದು ಪುಟವನ್ನೂ ಓದಲಾಗದೆ, ಚಹಾ ಆರುವಷ್ಟರಲ್ಲಿ, ಬೇಡ ಎಂದಿದ್ದೇನೆ. ನೀರು ಕುಡಿದು ಬಂದ ಅಕ್ಕ, "ನಿಮ್ಮ ಯಜಮಾನರಿಗೆ ಹೇಳೋ. ನಮ್ಮೋರೂ ಓದ್ಲಿ" ಎಂದಳು. ಆಗಲಿ ಎಂದ. ಹೇಳಬಹುದಿತ್ತು. ಆದರೆ ಬೇಕು ಎಂದ ಪುಸ್ತಕವನ್ನು ಪಂಡಿತನೇ ಅನುವಾದಿಸಬೇಕು. ಅಕ್ಕ ಮಾಡಲಿ ಎಂದರೆ ನೀವೇಕೆ ಮಾಡುವುದಿಲ್ಲ ಎಂಬ ಪ್ರಶ್ನೆ ಬರುತ್ತದೆ, ಅದರ ಬಾಲ ಹಿಡಿದು ಇನ್ನೊಂದು. ಮುಂದಿನ ವಾರ, "ಕೇಳ್ದೆ ಅಕ್ಕಾ. ಬೇಡ ಅಂದ್ರು" ಎಂದುಬಿಟ್ಟ. ತನ್ನ ಬಾಯಿಯಿಂದ ಅದೆಷ್ಟು ಸಲೀಸಾಗಿ ಇಳಿಯಿತೆಂದು ಅವನಿಗೇ ಬೆರಗಾಯಿತು. ಆಮೇಲೆ ಎರಡು ಬಾರಿ ಅವಳು ಕೇಳಿದಾಗಲೂ ಅದೇ ಮಾತು. ಆ ಸುಳ್ಳಿನ ನಂತರ ಕಥೆಯ ಒಂದೊಂದು ಒಳ್ಳೆಯ ಜಾಗವೂ ಮೈಗೆ ಚುಚ್ಚತೊಡಗಿತು. ಐದನೆಯ, ಆರನೆಯ ಭಾನುವಾರಗಳಲ್ಲಿ ಅವನು ಕೇಳಲಿಲ್ಲ, ಹೂಂಗುಟ್ಟಿದ, ಅಷ್ಟೆ. ಕಿಟಕಿಯಾಚೆ ಒಣಹಾಕಿದ ಯಾರದೋ ಕಾಲುಚೀಲಗಳನ್ನು ಎಣಿಸುತ್ತ, ಅಕ್ಕನ ದನಿ ಇಳಿದಾಗಲೊಮ್ಮೆ ಹೂಂ, ಏರಿದಾಗಲೊಮ್ಮೆ ಹೂಂ. ಅವಳಿಗೆ ತಿಳಿಯಲಿಲ್ಲ ಎಂದೇ ಅವನು ನಂಬಿದ್ದ.

ಊಟದ ವಿರಾಮದಲ್ಲಿ ಎಲ್ಲರೂ ಹೊರಗೆ ಹೋದಾಗ ಪಂಡಿತ ಬೀರು ತೆರೆದ. ಪುಸ್ತಕಗಳು ಹೋದರೂ ಹಾಳೆಗಳು ಉಳಿಯುತ್ತವೆ. ದಾರ ಕಟ್ಟಿದ ಕಡತಗಳಲ್ಲಿ ವರ್ಷವಾರು ಹಳದಿ ಹಾಳೆಗಳು. ಬೇಕಾದದ್ದು ಹಬೆಯ ಪುಸ್ತಕಕ್ಕೆ ಬೇಡ ಬರೆದ ಒಂದು ಹಾಳೆ. ಅದನ್ನು ಕಿತ್ತು ಜೇಬಿಗೆ ಹಾಕಿದರೆ, ಯಜಮಾನರು ಮರೆತಿರಬಹುದು ಅಕ್ಕಾ, ವಯಸ್ಸಾಯಿತಲ್ಲ, ಎಂದು ಹೇಳಿಬಿಡಬಹುದು. ಎಪ್ಪತ್ತರ ಆ ಮನುಷ್ಯ, ಹದಿನೇಳು ವರ್ಷದಲ್ಲಿ ಒಮ್ಮೆಯೂ ದನಿಯೇರಿಸದವರು, ತನ್ನ ನೆನಪನ್ನೇ ಅನುಮಾನಿಸಿಕೊಂಡು "ಇರಬಹುದು, ಇರಬಹುದು" ಎನ್ನುವುದೂ ಖಂಡಿತ. ಹಾಳೆ ಹುಡುಕುತ್ತ ಹೋದಂತೆ ತನ್ನದೇ ಕೈಬರಹ ಎದ್ದೆದ್ದು ಬಂತು. ನಮ್ಮ ಓದುಗರು ಒಪ್ಪುವುದಿಲ್ಲ. ನಮ್ಮ ಓದುಗರು ಒಪ್ಪುವುದಿಲ್ಲ. ಹಳೆಯ ಹಾಳೆಗಳಲ್ಲಿ ಅಕ್ಷರ ತುಸು ನಡುಗಿತ್ತು. ಈಚಿನವುಗಳಲ್ಲಿ ದುಂಡಗೆ, ನಿಶ್ಚಿಂತೆಯಾಗಿ, ಅಭ್ಯಾಸವಾದ ರುಜುವಿನಂತೆ ಇತ್ತು. ನಡುಗಿದ ಅಕ್ಷರಗಳ ಮೇಲೆ ಅವನಿಗೆ ಪ್ರೀತಿಯಂಥದ್ದು ಉಕ್ಕಿತು. ಆಗಿನವನು ಇನ್ನೂ ಹೆದರುತ್ತಿದ್ದ. "ಏನು ಹುಡುಕ್ತಿದೀರಿ ಪಂಡಿತರೇ, ನಿಧೀನಾ?" ಎಂದು ಅಕ್ಷರಗಾರ್ತಿ ಟಿಫಿನ್ ಡಬ್ಬಿ ತೊಳೆದುಕೊಂಡು ಒಳಬಂದಳು. ಅವನು ಬೀರು ಮುಚ್ಚುವ ಅವಸರದಲ್ಲಿ ಬೆರಳು ಸಿಕ್ಕಿಸಿಕೊಂಡ. "ಅಯ್ಯೋ, ಢಿಶುಂ" ಎಂದಳು ಅವಳು. ಹಾಳೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಹೆಜ್ಜೆ, ತಡೆದು ಇನ್ನೊಂದು, ಕಂಬಿಗೆ ಬಳೆ ತಗುಲುವ ಸದ್ದು. ಇಳಿದು ಹೋಗಿ ಕೈ ಹಿಡಿಯಬೇಕಿತ್ತು. ಪಂಡಿತ ಕುರ್ಚಿಯಲ್ಲೇ ಕೂತು ಹೆಜ್ಜೆಗಳನ್ನು ಎಣಿಸಿದ. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದಳು. ಕೈಚೀಲದಲ್ಲಿ ಆರು ಸಂಪುಟ, ಅವುಗಳ ಜೊತೆಗೆ ಗಿರಣಿಯ ಉದ್ದನೆಯ ನೋಟ್‌ಬುಕ್ಕುಗಳು ನಾಲ್ಕು. ಇಡೀ ಕಥೆಯನ್ನು, ಒಂದೊಂದು ಗುಳ್ಳೆಗೂ ಅಂಕಿ ಹಾಕಿ, ತಮ್ಮ ಭಾಷೆಗೆ ಇಳಿಸಿ ತಂದಿದ್ದಳು. ಅದನ್ನವಳು ಅವನಿಗೆ ಹೇಳಿರಲೇ ಇಲ್ಲ.

"ಬನ್ನಿ ಬನ್ನಿ" ಎಂದು ಯಜಮಾನರು ಎದ್ದು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು. "ನಮ್ಮ ಪಂಡಿತರ ಅಕ್ಕ ಅಂದ್ರೆ ನಮಗೂ ಅಕ್ಕಾನೇ."

"ನಿಮಗಿಂತ ಚಿಕ್ಕೋಳು ಸ್ವಾಮಿ, ವಯಸ್ಸು ಏರಿಸ್ಬೇಡಿ. ಜಗಳಕ್ಕೆ ಬಂದಿದೀನಿ, ಮೊದಲೇ ಹೇಳ್ಬಿಡ್ತೀನಿ." ಪುಸ್ತಕಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಜೋಡಿಸಿದಳು. "ಈ ತಿಂಗಳು ಇವು ವಾಪಸು ಹೋಗುತ್ತಂತೆ. ಮೂರು ಸಲ ಬೇಡ ಅಂದ್ರಂತೆ ನೀವು. ಯಾಕೆ ಅಂತ ಹೇಳಿ."

ಯಜಮಾನರು ಮೇಲಿನ ಪುಸ್ತಕವನ್ನೆತ್ತಿ ಹಬೆಯ ಮುಖಪುಟ ನೋಡಿದರು, ತಿರುಗಿಸಿ ಬೆನ್ನು ನೋಡಿದರು. "ನಾನಾ? ಇದನ್ನ ನಾನು ಇವತ್ತೇ ನೋಡ್ತಿರೋದಲ್ವಾ?"

ಫ್ಯಾನು ಒಂದು ಸುತ್ತಿಗೊಮ್ಮೆ ಕಟಕ್ಕೆನ್ನುತ್ತಿತ್ತು. ಅಕ್ಕ ಪಂಡಿತನ ಕಡೆ ತಿರುಗಿದಳು. ಹೆಚ್ಚು ಹೊತ್ತು ನೋಡಲಿಲ್ಲ. ದಾರ ಕಡಿದ ಮಗ್ಗದ ಮುಂದೆ ನಿಂತು ಎಲ್ಲಿ ಕಡಿಯಿತೆಂದು ಕಂಡುಕೊಳ್ಳುವಷ್ಟು ಹೊತ್ತು. ನಂತರ ಯಜಮಾನರಿಗೆ, "ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡೆ ಅಂತ ಕಾಣುತ್ತೆ. ಕಿವಿ ಮಂದ" ಎಂದಳು. ನೂರು ಮಗ್ಗಗಳ ಗದ್ದಲದಲ್ಲಿ ಒಂದು ಸಡಿಲ ಬೋಲ್ಟಿನ ಸದ್ದು ಹಿಡಿಯುತ್ತಿದ್ದ ಕಿವಿ ಅದು. ತನಗಾಗಿ ಆಡಿದ ಆ ಸುಳ್ಳು ಬೈಗುಳಕ್ಕಿಂತ ಭಾರವಾಗಿ ಪಂಡಿತನ ಹೆಗಲ ಮೇಲೆ ಕೂತಿತು.

"ಇರಲಿ, ಬಂದಿದೀರಲ್ಲ. ಕಥೆ ಏನು ಹೇಳಿ" ಎಂದರು ಯಜಮಾನರು.

"ಇವನು ಹೇಳ್ತಾನೆ. ನಿಮ್ಮ ಪಂಡಿತನಲ್ವಾ? ಹೇಳೋ."

ಹೇಳಿದ. ಮೊದಮೊದಲು ತಡವರಿಸಿದ. ಆಮೇಲೆ ಅಕ್ಕನ ಮಾತುಗಳೇ, ಅವಳ ತಡೆಗಳ ಸಮೇತ, ಅವನ ಬಾಯಿಗೆ ಬಂದವು. ಒಲೆ, ಗೋಡೆ, ತೇಲುವ ಗುಳ್ಳೆಗಳು. ಇವತ್ತು ಹದವಾಗಿದೆ. ಯಜಮಾನರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಮಗುವಿನಂತೆ ಹೂಂ, ಹೂಂ ಎನ್ನುತ್ತಿದ್ದರು. ಅಕ್ಷರಗಾರ್ತಿ ಯಾವಾಗಲೋ ಬಂದು ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಕೆಮ್ಮಿನವಳು "ಗೋಡೆಯಾಚೆಯವರಾ?" ಎಂದಾಗ ಅವಳು ಕತ್ತು ಆಚೆ ತಿರುಗಿಸಿದ್ದು ಅವನಿಗೆ ಕಂಡಿತು. ತಾನು ಇಷ್ಟು ಚೆನ್ನಾಗಿ ಹೇಳಬಲ್ಲೆನೆಂದು ಅವನಿಗೆ ಗೊತ್ತಿರಲಿಲ್ಲ. ಒಂದು ಗಳಿಗೆ ಸಂತೋಷವೇ ಆಯಿತು, ನಾಚಿಕೆಗೆಟ್ಟ ಸಂತೋಷ. ನೀರು ಕಾಯಿಸುವವನು ಊರ ಕೊನೆಯ ಓಣಿಗೆ ಬಂದ. ಒಂದು ಮನೆಯ ಬಾಗಿಲ ಮುಂದೆ ನಿಂತ. ಒಳಗೆ ಯಾರೋ ಮಾತಾಡುತ್ತಿದ್ದಾರೆ. ಅದೇ ದನಿ. ಅವನು ಕೈಯೆತ್ತಿ ಬಾಗಿಲು ತಟ್ಟಿದ. ನಾಲ್ಕನೆಯ ಸಂಪುಟ ಅಲ್ಲಿಗೆ ಮುಗಿಯುತ್ತದೆ.

"ಹೂಂ?" ಎಂದರು ಯಜಮಾನರು. "ಆಮೇಲೆ? ಬಾಗಿಲು ತೆಗೆದೋರು ಯಾರು?"

ಐದನೆಯ ಭಾನುವಾರದ ಜಾಗದಲ್ಲಿ ಒಣಹಾಕಿದ ಕಾಲುಚೀಲಗಳಿದ್ದವು. ಏಳು ಜೊತೆ, ಒಂದು ಒಂಟಿ. ಕಟ್ಟಿ ಹೇಳುವುದು ಕಷ್ಟವಿರಲಿಲ್ಲ. ಬಾಗಿಲು ತೆಗೆದವನು ಹಾಸಿಗೆ ಹಿಡಿದ ಮುದುಕನ ಮಗನೆನ್ನಬಹುದು. ಇಬ್ಬರೂ ಕೂತು ಮಾತಾಡಿದರೆನ್ನಬಹುದು. ಕೊನೆಗೆ ಮುದುಕ "ಹದವಾಗಿದೆ" ಎಂದನೆಂದರೆ ಕೇಳಿದವರ ಕಣ್ಣು ತುಂಬುತ್ತದೆ, ಪುಸ್ತಕ ಬೇಕಾಗುತ್ತದೆ, ಅನುವಾದ ಹೇಗೂ ಅಕ್ಕನ ನೋಟ್‌ಬುಕ್ಕಿನಲ್ಲಿದೆ. ಅಕ್ಕ ಬಾಯಿ ಬಿಡುವುದಿಲ್ಲ. ಅವಳು ಮಡಿಲಲ್ಲಿ ಕೈ ಕಟ್ಟಿಕೊಂಡು ಮೇಜಿನ ಅಂಚನ್ನು ನೋಡುತ್ತಿದ್ದಳು. ಅವನು ಏನು ಕಟ್ಟಿದರೂ ಹೂಂ ಎಂದುಬಿಡಲು ತಯಾರಾಗಿ ಕೂತಿದ್ದಳು. ಅದೇ ಅವನಿಂದ ತಾಳಲಾಗದೆ ಹೋಯಿತು.

"ಗೊತ್ತಿಲ್ಲ" ಎಂದ. "ನಾನು ಓದಿಲ್ಲ. ನನಗೆ ಓದೋಕೆ ಬರಲ್ಲ. ಇರುವೆ ಇದ್ರೆ ಮಾತ್ರ ಬರುತ್ತೆ."

"ಇರುವೆ?"

ಇರುವೆ ಎಂದರೇನೆಂದು ವಿವರಿಸಬೇಕಾಯಿತು. ಮಕ್ಕಳ ಪುಸ್ತಕವೊಂದನ್ನು ತೆರೆದು, ಬೀರುವಿನ ಬಾಗಿಲಿಗೆ ಸಿಕ್ಕಿ ಊದಿದ ಬೆರಳಿನಿಂದ ಒಂದೊಂದೇ ಪುಟ್ಟ ಅಕ್ಷರ ತೋರಿಸುತ್ತ, ಇದಿದ್ದರೆ ಬೇಕು, ಇಲ್ಲದಿದ್ದರೆ ಬೇಡ, ಎಂದು ಹದಿನೇಳು ವರ್ಷಗಳ ಪಾಂಡಿತ್ಯವನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ. ಯಾರೂ ಬೈಯಲಿಲ್ಲ. ಬಾಗಿಲ ಬಳಿ ಅಕ್ಷರಗಾರ್ತಿ ತನ್ನ ಬಲಗೈಯನ್ನೇ ನೋಡಿಕೊಂಡು, "ಅದಕ್ಕೇನಾ" ಎಂದಳು, ಅಷ್ಟೆ.

"ಇಂಥವು ಎಷ್ಟಿರಬಹುದು?" ಯಜಮಾನರು ಕೇಳಿದರು. "ವಾಪಸು ಹೋದವು?"

"ನೂರರ ಮೇಲೆ."

"ಒಳ್ಳೇವು ಯಾವುವು ಅವುಗಳಲ್ಲಿ?"

ಪಂಡಿತ ನೆನೆಯಲು ಯತ್ನಿಸಿದ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸೊಬ್ಬಳ ಮುಖಪುಟ. ಖಾಲಿ ಈಜುಕೊಳ. ಇಬ್ಬರು ಮುದುಕರು ಹೊತ್ತೊಯ್ಯುವ ಕನ್ನಡಿ. ಒಳಗೇನಿತ್ತು? ಕನ್ನಡಿ ಎಲ್ಲಿಗೆ ಹೋಗುತ್ತಿತ್ತು? ಅವು ಒಳ್ಳೆಯವೋ ಕೆಟ್ಟವೋ ಎಂದು ಹೇಳಬಲ್ಲ ಒಬ್ಬ ಮನುಷ್ಯನೂ ಈ ಊರಿನಲ್ಲಿಲ್ಲ, ಇರಬೇಕಾಗಿದ್ದವನು ತಾನು. ಪಶ್ಚಾತ್ತಾಪ ಪಡುವುದಕ್ಕೂ ಏನನ್ನು ಕಳೆದೆನೆಂದು ತಿಳಿದಿರಬೇಕು. "ಗೊತ್ತಿಲ್ಲ" ಎಂದು ಎರಡನೆಯ ಬಾರಿ ಹೇಳಿದ.

ಯಜಮಾನರು ಅಕ್ಕನ ನೋಟ್‌ಬುಕ್ಕುಗಳನ್ನು ತಮ್ಮ ಕಡೆ ಎಳೆದುಕೊಂಡರು. "ಇವನ್ನ ಇಲ್ಲೇ ಬಿಟ್ಟುಹೋಗಿ. ರಾತ್ರಿ ಓದ್ತೀನಿ. ಜಪಾನಿನವರಿಗೆ ಕಾಗದಾನೂ ಬರೀತೀನಿ. ಈಗಲೂ ಕೊಡ್ತಾರೋ ಇಲ್ವೋ, ನೋಡೋಣ." ಪಂಡಿತನಿಗೆ, "ನಾಳೆ ಹತ್ತು ಗಂಟೆಗೆ ಬನ್ನಿ" ಎಂದರು. ಮಾತಿನ ಕೊನೆಗೆ ಪಂಡಿತರೇ ಎಂದು ಸೇರಿಸುವ ರೂಢಿ ಅವರದು. ಸೇರಿಸಲಿಲ್ಲ.

ಇಳಿಯುವಾಗ ಅವನು ತೋಳು ಚಾಚಿದ. ಅಕ್ಕ ಕಂಬಿಯನ್ನೇ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಳು. ಅವನು ಒಂದು ಮೆಟ್ಟಿಲು ಹಿಂದೆ. ನಡುವಿನ ತಿರುವಿನಲ್ಲಿ ಅವಳು ಉಸಿರಿಗಾಗಿ ನಿಂತಾಗ, ಬೈಯಲಿ ಎಂದು ಕಾದ; ಬೈಯದೆ ಇದ್ದುದರಿಂದ, ಬೇರೇನೂ ತೋಚದೆ, ನಿಜವಾಗಿಯೂ ತಿಳಿಯಬೇಕೆನ್ನಿಸಿ ಕೇಳಿದ: "ಅಕ್ಕಾ, ಬಾಗಿಲು ತೆಗೆದ ಮೇಲೆ ಏನಾಗುತ್ತೆ?"

ಅವಳು ಕೈಚೀಲದಿಂದ ಐದನೆಯ ಸಂಪುಟ ತೆಗೆದು ಅವನ ಕೈಯಲ್ಲಿಟ್ಟಳು. "ಓದ್ಕೋ."

"ಇರುವೆ ಇಲ್ಲ ಅಕ್ಕಾ ಇದರಲ್ಲಿ."

"ಗೊತ್ತು" ಎಂದು ಅವಳು ಉಳಿದ ಮೆಟ್ಟಿಲುಗಳನ್ನು ಇಳಿಯತೊಡಗಿದಳು.

ಅವಳು ಕೆಳಗೆ ನಿಂತಳೋ, ನಿಲ್ಲದೆ ನಡೆದುಬಿಟ್ಟಳೋ ಎಂದು ಬಗ್ಗಿ ನೋಡುವ ಧೈರ್ಯ ಅವನಿಗಾಗಲಿಲ್ಲ. ಮೆಟ್ಟಿಲ ಮೇಲೆಯೇ ಕೂತು, ಆ ಭಾಷೆಯ ರೂಢಿಯಂತೆ ಬಲಗಡೆಯಿಂದ ಪುಸ್ತಕ ತೆರೆದ. ಬಾಗಿಲು ಅರ್ಧ ಸರಿದಿತ್ತು. ಅದರ ಸಂದಿನಿಂದ ಒಂದು ಗುಳ್ಳೆ ಹೊರಬಂದಿತ್ತು. ಗುಳ್ಳೆಯೊಳಗೆ ಒಂಬತ್ತು ಅಕ್ಷರಗಳು, ಮಗ್ಗುಲಲ್ಲಿ ಬರೀ ಬಿಳುಪು. ಪಂಡಿತ ಮೇಲಿನಿಂದ ಕೆಳಕ್ಕೆ ಬೆರಳಿಟ್ಟುಕೊಂಡು ಹೋದ. ಮೊದಲನೆಯದು ಗೊತ್ತಾಗಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದು ನೀರು. ನಾಲ್ಕನೆಯದು ಗೊತ್ತಿರಲಿಲ್ಲ, ಆದರೂ ಪುಸ್ತಕ ಮುಚ್ಚಲಿಲ್ಲ; ಅದರ ಮೇಲೆ ಬೆರಳು ನಿಂತಿತು.